ಮೇಲಿನ ಬೇಲಿಯಾಚೆಯ ಹುಲ್ಲು

ನನ್ನ ತಮ್ಮ ನೋಲನ್ ಹುಲ್ಲು ಕೇಳಲು ಬಂದ ದಿನ ನಾನು ಅವನನ್ನು ಕೂರಿಸಿ, ಬಿಸಿ ಕಾಫಿ ಕೊಟ್ಟು, ಸೇಬಿನ ಪೈ ತಿನ್ನಿಸಿ ಕಳಿಸಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಜನವರಿಯ ಕೊನೆ. ಮೂಗು ಕಿತ್ತು ಬರುವಂಥ ಚಳಿ. ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ ನಿಂತ.

"ಅಕ್ಕ, ಈ ಸಲ ಹುಲ್ಲು ಸ್ವಲ್ಪ ಕಮ್ಮಿ ಬಿತ್ತು ಕಣೇ."

"ಎಷ್ಟು ಬೇಕೋ ತಗೊಂಡ್ಹೋಗು."

ಅಷ್ಟೇ ಮಾತು. ಯಾಕೆ, ಯಾವ ದನಕ್ಕೆ, ಇಷ್ಟು ಬೇಗ ಹೇಗೆ ಖಾಲಿಯಾಯಿತು ಎಂದು ನಾನು ಕೇಳಲಿಲ್ಲ. ಟೆಂಟ್ ಕ್ರೀಕ್ ಕಣಿವೆಯಲ್ಲಿ ಯಾರೂ ಕೇಳುವುದಿಲ್ಲ. ಚಳಿಗಾಲದಲ್ಲಿ ಹುಲ್ಲು ಕೇಳಲು ಬಂದವನನ್ನು ಯಾಕೆ ಎಂದು ವಿಚಾರಿಸುವುದೂ ಒಂದೇ, ನಿನಗೆ ರಾಂಚ್ ನಡೆಸುವ ಯೋಗ್ಯತೆ ಇಲ್ಲ ಎಂದು ಮುಖಕ್ಕೆ ಹೇಳುವುದೂ ಒಂದೇ. ನಾರ್ವೆಯಿಂದ ಮೊಂಟಾನಾದ ಈ ಮೂಲೆಗೆ ಬಂದ ಅಜ್ಜ ಹಾಗೆ ಬದುಕಿದ, ಅಪ್ಪ ಹಾಗೆ ಬದುಕಿದ. ಕೇಳಿದ್ದನ್ನು ಕೊಡಬೇಕು, ಬಾಯಿ ಮುಚ್ಚಿಕೊಂಡಿರಬೇಕು. ಈ ಮರ್ಯಾದೆಯ ಬಗ್ಗೆ ನಮಗೆ ಎಷ್ಟು ಹೆಮ್ಮೆ ಎಂದರೆ, ಅದನ್ನು ಹಿಡಿದೇ ನಮ್ಮ ಕತ್ತು ಕೊಯ್ಯಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ನಾನೇ ಟ್ರಾಕ್ಟರ್ ಹತ್ತಿ ಪಿಂಡಿಗಳನ್ನು ಎತ್ತಿ ಅವನ ಗಾಡಿಗೆ ಹೇರಿದೆ. ಆ ಚಳಿಗಾಲವೆಲ್ಲ ಅವನು ಬರುತ್ತಲೇ ಇದ್ದ, ನಾನು ಹೇರುತ್ತಲೇ ಇದ್ದೆ.

ಅಪ್ಪ ಸಾಯುವಾಗ ಭೂಮಿಯನ್ನು ಅಡ್ಡಲಾಗಿ ಭಾಗ ಮಾಡಿದ್ದ. ಹೊಳೆ ಪಕ್ಕದ ಹುಲ್ಲುಗಾವಲು ನನಗೆ, ಮೇಲಿನ ಗುಡ್ಡ ನೋಲನ್‌ಗೆ. ಜೊತೆಗೆ ಅಪ್ಪ ಕಟ್ಟಿ ಬೆಳೆಸಿದ ಕೆಂಪು ದನಗಳೂ ನನಗೇ ಬಂದವು, ಯಾಕೆಂದರೆ ನೋಲನ್‌ಗೆ ದನ ಕಂಡರೆ ಆಕಳಿಕೆ. ಅವನು ಒಂದಿಷ್ಟು ದನ ಹೆಸರಿಗೆ ಸಾಕಿ, ಆಮೇಲೆ ಬೇಟೆಯ ಗೈಡ್ ಆದ. ದೊಡ್ಡ ಊರುಗಳ ಹಣವಂತರು ವಿಮಾನದಲ್ಲಿ ಬಂದಿಳಿಯುತ್ತಾರೆ. ನೋಲನ್ ಅವರನ್ನು ಗುಡ್ಡಕ್ಕೆ ಕರೆದೊಯ್ದು ಎಲ್ಕ್ ತೋರಿಸುತ್ತಾನೆ. ಕುದುರೆಯಷ್ಟು ಎತ್ತರದ ಆ ಜಿಂಕೆಯನ್ನು ಅವರು ಹೊಡೆದು, ಕೊಂಬಿನ ಪಕ್ಕ ಕೂತು ಫೋಟೋ ತೆಗೆಸಿಕೊಂಡು, ನೋಲನ್‌ನ ಬೆನ್ನು ತಟ್ಟಿ ಹೋಗುತ್ತಾರೆ. ಒಳ್ಳೆಯ ಕೆಲಸ. ಮಧ್ಯರಾತ್ರಿ ಎದ್ದು ಹಸುವಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕುವ ಗೋಜಿಲ್ಲ.

ನನ್ನ ದನಗಳು ಎರಡು ಗುಂಪು. ಮೇಲಿನ ಗುಂಪು ನೋಲನ್‌ನ ಬೇಲಿಗೆ ತಾಗಿದ ಹುಲ್ಲುಗಾವಲಲ್ಲಿ ಇರುತ್ತದೆ. ಕೆಳಗಿನ ಗುಂಪು ಹೊಳೆಯಾಚೆ. ವರ್ಷವಿಡೀ ಅವು ಒಂದರ ಮುಖ ಒಂದು ನೋಡುವುದಿಲ್ಲ. ಅಪ್ಪನ ಹಳೆಯ ತಳಿಯ ಅತ್ಯುತ್ತಮ ಹಸುಗಳೆಲ್ಲ ಕೆಳಗಿನ ಗುಂಪಿನಲ್ಲಿದ್ದವು.

ಆ ಮಾರ್ಚಿನಲ್ಲಿ ಮೇಲಿನ ಗುಂಪಿನ ಕೆಲವು ಹಸುಗಳು ಕಂದು ಹಾಕಿದವು. ತಿಂಗಳು ತುಂಬದ ಕರುಗಳು, ಮೈಮೇಲೆ ಕೂದಲೂ ಸರಿಯಾಗಿ ಬಂದಿರಲಿಲ್ಲ. ನಾನು ಮಂಜುಗಡ್ಡೆಯನ್ನು ಬೈದೆ, ನನ್ನ ಹಣೆಬರಹವನ್ನು ಬೈದೆ. ನೋಲನ್ ಬಂದು ಬೇಲಿಗೆ ಒರಗಿ ನಿಂತು ನೋಡಿದ.

"ಜಾರಿ ಬಿದ್ದಿರ್ಬೇಕು ಬಿಡು ಅಕ್ಕ. ಈ ವರ್ಷ ಮಂಜು ಜಾಸ್ತಿ."

ಇರಬಹುದು ಎಂದುಕೊಂಡೆ. ಅವನು ಅಷ್ಟು ಹೊತ್ತು ಅಲ್ಲೇ ನಿಂತಿದ್ದು ಯಾಕೆ ಎಂದು ಯೋಚಿಸಲಿಲ್ಲ.

ಸೆಪ್ಟೆಂಬರಿನಲ್ಲಿ ಮುದಿ ಹಸುಗಳನ್ನು ಮಾರಲು ತೆಗೆದೆ. ನಮ್ಮ ಸೀಮೆಯಿಂದ ದನ ಹೊರಗೆ ಹೋಗಬೇಕಾದರೆ ರಕ್ತಪರೀಕ್ಷೆ ಆಗಬೇಕು. ಒಂದರ ರಕ್ತದಲ್ಲಿ ಕಂದು ರೋಗ ಸಿಕ್ಕಿತು, ಗಬ್ಬದ ಹಸು ತಿಂಗಳು ತುಂಬುವ ಮೊದಲೇ ಕರು ಹಾಕುವಂತೆ ಮಾಡುವ ಬ್ರೂಸೆಲ್ಲಾ. ಸರ್ಕಾರಿ ಪಶುವೈದ್ಯ ಡಾಕ್ಟರ್ ಲೆಮ್ಕೆ ಬಂದು ಎಲ್ಲ ದನಗಳ ಕತ್ತಿಗೂ ಸೂಜಿ ಹಾಕಿದರು. ಉದ್ದನೆಯ, ಮೆಲುಮಾತಿನ ಮನುಷ್ಯ. ಕೆಟ್ಟ ಸುದ್ದಿ ಹೇಳುವಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ಆ ದಿನವೂ ತೆಗೆದರು.

"ಆರ್ಡಿಸ್ ಅವ್ರೇ, ಇನ್ನೂ ಐದು ಇವೆ. ಎಲ್ಲಾ ಮೇಲಿನ ಗುಂಪಿನವೇ. ಆದ್ರೆ ಅದ್ರಲ್ಲೊಂದು ನೀವು ಹೋದ ವರ್ಷ ಐಡಹೋದಿಂದ ತಂದ ಕಡಸು."

"ಆ ಕಡಸುಗಳಿಗೆಲ್ಲ ತರೋ ಮುಂಚೆನೇ ಪರೀಕ್ಷೆ ಆಗಿತ್ತು ಡಾಕ್ಟ್ರೇ."

"ಗೊತ್ತು. ಕೆಲವು ಸಲ ಪರೀಕ್ಷೆಲಿ ಸಿಗಲ್ಲ, ಕರು ಹಾಕೋವಾಗ ಹೊರಗೆ ಬರುತ್ತೆ. ಅವುಗಳ ಜೊತೆಯವು ಕೆಳಗಿನ ಗುಂಪಲ್ಲೂ ಇವೆ ಅಲ್ವಾ?"

ಇದ್ದವು. ಅದೇ ಸಂಕಟ. ಲೆಮ್ಕೆ ನಿಧಾನವಾಗಿ ಬಿಡಿಸಿ ಹೇಳಿದರು. ರೋಗ ಕಡಸುಗಳ ಜೊತೆ ಬಂದಿದ್ದರೆ ಎರಡೂ ಗುಂಪಿಗೆ ತಗುಲಿರಬಹುದು, ಆಗ ಎರಡಕ್ಕೂ ದಿಗ್ಬಂಧನ. ವರ್ಷಗಟ್ಟಲೆ ಪರೀಕ್ಷೆ, ಒಂದು ಕರುವನ್ನೂ ಸಾಕುವವರಿಗೆ ಮಾರುವಂತಿಲ್ಲ. ರೋಗ ಮೇಲಿನ ಬೇಲಿಯ ಕಡೆಯಿಂದ, ಎಲ್ಕ್‌ಗಳಿಂದ ಬಂದಿದ್ದರೆ ಕೆಳಗಿನ ಗುಂಪನ್ನು ಬೇರೆ ಎಂದು ಬರೆದು ಬಿಟ್ಟುಬಿಡಬಹುದು.

"ಎಲ್ಕ್ ಅಂತ ಹೇಳೋಕೆ ಏನಾದ್ರೂ ಗುರುತು ಬೇಕು. ಅವು ಗುಡ್ಡದ ತುದೀಲಿ ಓಡಾಡ್ಕೊಂಡಿರ್ತವೆ, ಚಳಿಗಾಲದಲ್ಲಿ ನಿಮ್ಮ ಬೇಲಿ ಹತ್ರ ಗುಂಪುಗುಂಪಾಗಿ ನಿಲ್ಲೋಕೆ ಕಾರಣ ಇಲ್ಲ. ಲ್ಯಾಬಿನವರು ಮೂಲ ಹುಡುಕ್ತಾರೆ, ಆದ್ರೆ ಅದು ಬರೋದು ವಸಂತಕ್ಕೇ."

ವಸಂತದವರೆಗೆ ಎಲ್ಲ ದನ, ಎಲ್ಲ ಕರು ಕಟ್ಟಿಕೊಂಡು ಮೇಯಿಸುವಷ್ಟು ಹುಲ್ಲು ನನ್ನ ಹತ್ತಿರ ಇರಲಿಲ್ಲ. ಅಕ್ಟೋಬರಿನಲ್ಲಿ ಕರು ಮಾರುವ ಲೆಕ್ಕದಲ್ಲೇ ನಾವು ಹುಲ್ಲು ಕೊಯ್ಯುವುದು.

ಸುದ್ದಿ ನನಗಿಂತ ಮೊದಲು ಪೇಟೆ ತಲುಪಿತ್ತು. ಕರು ಕೊಳ್ಳುವ ದಲ್ಲಾಳಿ ಫೋನ್ ಎತ್ತುವುದನ್ನು ಬಿಟ್ಟ. ವರ್ಷ ವರ್ಷ ನನ್ನಿಂದ ಅರ್ಧ ದನ, ಕಾಲು ದನ ಎಂದು ಮಾಂಸ ಕೊಂಡು ಫ್ರೀಜರ್ ತುಂಬಿಸಿಕೊಳ್ಳುತ್ತಿದ್ದ ಮನೆಗಳಿಂದ ಒಂದರ ಹಿಂದೊಂದು ಕರೆ. ಒಬ್ಬಳಿಗೆ ಫ್ರೀಜರ್ ಕೆಟ್ಟಿತ್ತು, ಇನ್ನೊಬ್ಬನಿಗೆ ಡಾಕ್ಟರ್ ಕೆಂಪು ಮಾಂಸ ಬಿಡು ಅಂದಿದ್ದರಂತೆ. ಊರಿನ ಫ್ರೀಜರುಗಳೆಲ್ಲ ಒಂದೇ ವಾರದಲ್ಲಿ ಕೆಟ್ಟು ಕೂತವು, ಊರಿನವರೆಲ್ಲರ ಹೃದಯಕ್ಕೂ ಒಂದೇ ವಾರದಲ್ಲಿ ಕಾಯಿಲೆ ಬಂತು. ಬೇಯಿಸಿದ ಮಾಂಸದಿಂದ ಈ ರೋಗ ಬರುವುದಿಲ್ಲ, ಹಸಿ ಹಾಲಿನಿಂದ, ಕಂದು ಹಾಕಿದ ನೀರಿನಿಂದ, ಹಸಿ ರಕ್ತದಲ್ಲಿ ಬರಿಗೈ ಅದ್ದಿದರೆ ಬರುತ್ತದೆ ಎಂದು ಲೆಮ್ಕೆ ಅಂಚೆ ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿದರು. ಅದನ್ನು ಓದಿದವರು ಅಂಗಡಿಗೆ ಹೋಗಿ ಕೋಳಿ ಕೊಂಡರು.

ಆಮೇಲೆ ವರ್ನಾ ಫೋನ್ ಮಾಡಿದಳು. ಬೇಟೆ ಶುರುವಾಗುವ ಹಿಂದಿನ ಸಂಜೆ ಶಾಲೆಯ ಸಭಾಂಗಣದಲ್ಲಿ ಊರಿಗೆಲ್ಲ ಊಟ, ಅದರ ಉಸ್ತುವಾರಿ ವರ್ನಾಳದು. ಅಪ್ಪನ ಕಾಲದಿಂದ ಆ ಊಟಕ್ಕೆ ನಮ್ಮ ಮನೆಯದೇ ದನದ ಮಾಂಸ. ನೆಲದಲ್ಲಿ ಗುಂಡಿ ತೋಡಿ, ಕೆಂಡ ಹಾಕಿ, ಒದ್ದೆ ಗೋಣಿಯಲ್ಲಿ ಸುತ್ತಿ ಹೂತು, ಮಾರನೆಯ ದಿನ ತೆಗೆಯುತ್ತೇವೆ. ವರ್ನಾಳ ಮದುವೆಗೂ ನಾನೇ ಹಾಗೆ ಮಾಂಸ ಹೂತಿದ್ದೆ.

"ಆರ್ಡಿಸ್, ಈ ಸಲ ನೀನು ಸುಸ್ತಾಗಿದೀಯ. ಗುಂಡಿಗಿಂಡಿ ಅಂತ ಮೈ ನೋಯಿಸ್ಕೋಬೇಡ."

"ನಾನು ಸುಸ್ತಾಗಿಲ್ಲ."

"ಅಲ್ಲ ಕಣೇ... ಜನ ಏನೇನೋ ಮಾತಾಡ್ತಾರೆ. ಮಕ್ಕಳು ಮರಿ ಇರ್ತಾರೆ ನೋಡು. ನೋಲನ್ ಎಲ್ಕ್ ಮಾಂಸ ಕೊಡ್ತೀನಿ ಅಂದಿದಾನೆ. ನೀನು ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗು."

ಫೋನ್ ಇಟ್ಟು ಅಡುಗೆಮನೆಯಲ್ಲಿ ನಿಂತೆ. ಅಳು ಬಂತು. ಕುಯ್ದರೂ ಅಳದವಳು ಎಂದು ಅಪ್ಪ ಹೇಳುತ್ತಿದ್ದ. ಹಾಗೇನಿಲ್ಲ, ಯಾರೂ ಇಲ್ಲದಿದ್ದರೆ ಅಳುತ್ತೇನೆ.

ಮಾರನೆಯ ದಿನ ಹುಲ್ಲು ಕೇಳಲು ಕುದುರೆ ಹತ್ತಿ ನೋಲನ್‌ನ ಮನೆಗೆ ಹೋದೆ. ನಾನು ಕೊಟ್ಟದ್ದನ್ನು ವಾಪಸು ಕೇಳುವುದು ನಾಚಿಕೆಯ ವಿಷಯ. ಆದರೂ ಕೆಳಗಿನ ಗುಂಪು ಉಳಿಯಬೇಕಾದರೆ ಬೇರೆ ದಾರಿ ಇರಲಿಲ್ಲ. ಅವನು ಮನೆಯಲ್ಲಿರಲಿಲ್ಲ. ಹುಲ್ಲು ಪೇರಿಸುವ ಜಾಗ ಗುಡಿಸಿಟ್ಟ ಹಾಗಿತ್ತು. ಹಟ್ಟಿಯಲ್ಲಿ ಮೂರು ಕುದುರೆ, ಒಂದು ಹೇಸರಗತ್ತೆ. ದನ ಒಂದೂ ಇಲ್ಲ. ನೆಲದ ಮೇಲೆ ಹೊಸ ಸಗಣಿಯೂ ಇಲ್ಲ, ಹಳೆಯದೂ ಇಲ್ಲ. ಅವನು ದನ ಮಾರಿ ಒಂದು ವರ್ಷದ ಮೇಲಾಗಿತ್ತು ಎಂದು ನನ್ನಂಥವಳಿಗೆ ನೆಲ ನೋಡಿದರೆ ತಿಳಿಯುತ್ತದೆ. ಹಾಗಾದರೆ ನನ್ನ ಪಿಂಡಿಗಳನ್ನು ತಿಂದವರು ಯಾರು? ಮೂರು ಕುದುರೆ ಅಷ್ಟು ತಿಂದಿದ್ದರೆ ಆನೆಗಳಾಗಿರುತ್ತಿದ್ದವು.

ಗುಡ್ಡದ ಮೇಲೆ ಎಲ್ಲೋ ಇದ್ದಾನೆ ಎಂದು ಕುದುರೆಯನ್ನು ಹಿಂದಿನ ಕಣಿವೆಗೆ ತಿರುಗಿಸಿದೆ. ಅದು ನಮ್ಮಿಬ್ಬರ ಬೇಲಿಯ ಪಕ್ಕದಲ್ಲೇ, ಗುಡ್ಡದ ಮಡಿಲಲ್ಲಿ ಇರುವ ತಗ್ಗು. ಗಾಳಿ ಹೊಡೆಯುವುದಿಲ್ಲ, ರಸ್ತೆಗೆ ಕಾಣುವುದಿಲ್ಲ. ಅಲ್ಲಿ ಬೆಳೆಯುವುದು ಬೂದು ಬಣ್ಣದ ಪೊದೆ ಬಿಟ್ಟರೆ ಕಲ್ಲು. ಆ ಬೂದಿಯ ನಡುವೆ ಹಸಿರು ಪಟ್ಟೆಯೊಂದು ನೆಟ್ಟಗೆ ಹೋಗಿತ್ತು. ಅಲ್ಲಲ್ಲಿ ತಡವಾಗಿ ಬಿಟ್ಟ ಗುಲಾಬಿ ಬಣ್ಣದ ಹೂತೆನೆ.

ಇಳಿದು ಕಿತ್ತು ನೋಡಿದೆ. ಸೇನ್‌ಫಾಯ್ನ್. ಅಪ್ಪ ಎಲ್ಲಿಂದಲೋ ಬೀಜ ತರಿಸಿ ನಮ್ಮ ಹೊಳೆಬದಿಯಲ್ಲಿ ಹಾಕಿದ್ದ ಮೇವು. ಈ ಕಣಿವೆಯಲ್ಲಿ ನನ್ನ ಹುಲ್ಲುಗಾವಲು ಬಿಟ್ಟರೆ ಬೇರೆ ಯಾರಲ್ಲೂ ಇಲ್ಲ. ಹಿಂದಿನ ವರ್ಷ ನಾನು ತಡವಾಗಿ ಕೊಯ್ದಿದ್ದರಿಂದ ಬೀಜ ಕಟ್ಟಿತ್ತು. ಚಳಿಗಾಲದಲ್ಲಿ ಗಾಡಿ ಮುಂದೆ ಸಾಗುತ್ತಿದ್ದ ಹಾಗೆ ಹಿಂದಿನಿಂದ ಹುಲ್ಲು ಉದುರಿಸುತ್ತ ಹೋದರೆ ಬೀಜವೂ ಆ ಸಾಲಿನಲ್ಲೇ ಬೀಳುತ್ತದೆ. ಬೇಸಿಗೆಯಲ್ಲಿ ಆ ಸಾಲೇ ಮೊಳೆತು ಏಳುತ್ತದೆ. ನಾವು ದನಕ್ಕೆ ಹುಲ್ಲು ಹಾಕಿದ ಕಡೆಯೆಲ್ಲ ಹೀಗೆ ಪಟ್ಟೆ ಏಳುತ್ತದೆ, ನನಗೇನೂ ಹೊಸದಲ್ಲ. ಆದರೆ ಇಲ್ಲಿ ಸಗಣಿ ಇರಲಿಲ್ಲ. ಪಟ್ಟೆಯ ಎರಡೂ ಕಡೆ ಎಲ್ಕ್ ಹಿಕ್ಕೆ, ಬೆಣಚುಕಲ್ಲಿನ ಹಾಗೆ ರಾಶಿರಾಶಿ. ಮುಳ್ಳುತಂತಿಯ ಮೇಲೆ ಎಲ್ಕ್ ಕೂದಲು ಕಂತೆಕಂತೆಯಾಗಿ ಸಿಕ್ಕಿಕೊಂಡಿತ್ತು. ಆ ತಂತಿಯಾಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ನನ್ನ ಮೇಲಿನ ಗುಂಪು ಮೇಯುತ್ತಿತ್ತು.

ಅಂದರೆ ನೋಲನ್ ಚಳಿಗಾಲವೆಲ್ಲ ಎಲ್ಕ್‌ಗಳನ್ನು ಸಾಕಿದ್ದ. ಇತರರ ಭೂಮಿಗೆ ಅವು ಹೋಗದೆ ಅಲ್ಲೇ ರೂಢಿಯಾಗಲಿ, ಶರತ್ಕಾಲಕ್ಕೆ ಅವನ ಹಣವಂತರಿಗೆ ಕೈಗೆಟಕುವಂತೆ ಇರಲಿ ಎಂದು. ಕಾಡುಪ್ರಾಣಿಗೆ ಮೇವು ಹಾಕುವುದು ನಮ್ಮಲ್ಲಿ ಅಪರಾಧ, ಮಗುವಿಗೂ ಗೊತ್ತು. ಅವು ಹುಲ್ಲು ತಿಂದು, ಬೇಲಿ ಹಾರಿ ಬಂದು, ನನ್ನ ಹಸುಗಳ ನಡುವೆ ಕಂದು ಹಾಕಿ ಹೋದವು. ಹಾಕಿದ್ದು ನನ್ನ ಹುಲ್ಲು. ಹೇರಿದ್ದು ನಾನು.

ಅವನ ಅಂಗಳದಲ್ಲೇ ಕಾದು ಕೂತೆ. ಸಂಜೆಗೆ ಬಂದ. ನನ್ನ ಕೈಯಲ್ಲಿದ್ದ ಗಿಡ ನೋಡಿದ ಕೂಡಲೇ ಮುಖ ಬಿಳಿಚಿತು, ಅದಕ್ಕೇ ನಾನು ಏನೂ ಕೇಳಬೇಕಾಗಲಿಲ್ಲ.

"ಅಕ್ಕ, ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ. ದೇವರಾಣೆ."

"ಮಾರ್ಚಲ್ಲಿ ಬೇಲಿ ಹತ್ರ ನಿಂತು ಜಾರಿ ಬಿತ್ತು ಅಂದ್ಯಲ್ಲೋ. ಆಗ್ಲೂ ಗೊತ್ತಿರ್ಲಿಲ್ವಾ?"

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಅನುಮಾನ ಬಂತು. ಆದ್ರೆ ಹೇಳಿದ್ರೆ ಲೈಸೆನ್ಸ್ ಹೋಗುತ್ತೆ. ಬೇಟೆಗೆ ಎಲ್ರೂ ಬುಕ್ ಮಾಡ್ಬಿಟ್ಟಿದಾರೆ. ನನಗೆ ಬೇರೆ ಏನ್ ಬರುತ್ತೆ ಹೇಳು, ನಿನ್ನ ಹಾಗೆ ದನ ಕಾಯೋಕೆ ಬರುತ್ತಾ?"

"ನಾಳೆ ಲೆಮ್ಕೆನ ಕರ್ಕೊಂಡು ಬರ್ತೀನಿ."

"ಬೇಡ ಅಕ್ಕ, ಬೇಡ. ಬೇರೆಯವರ ಬಾಯಿಂದ ಬರೋದು ಬೇಡ. ಊಟದ ದಿನ ಊರೋರೆಲ್ಲ ಸೇರ್ತಾರಲ್ಲ, ಲೆಮ್ಕೆನೂ ಬರ್ತಾರೆ. ನಾನೇ ಎದ್ದು ನಿಂತು ಹೇಳ್ತೀನಿ. ನನ್ನ ತಪ್ಪು, ಅಕ್ಕಂದೇನಿಲ್ಲ ಅಂತ. ಅಲ್ಲೀವರ್ಗೂ ಮಾನ ಕಾಪಾಡು. ಹತ್ತು ದಿನ, ಅಷ್ಟೇ."

ಅಮ್ಮ ಸತ್ತಾಗ ಅವನಿಗೆ ಐದು ವರ್ಷ. ಅವನಿಗೆ ಬೂಟಿನ ದಾರ ಕಟ್ಟಲು ಕಲಿಸಿದವಳು ನಾನು, ಜ್ವರ ಬಂದರೆ ಪಕ್ಕ ಮಲಗಿಸಿಕೊಂಡವಳು ನಾನು. ಅವನು ಅಳುವುದನ್ನು ನೋಡಲು ನನ್ನಿಂದ ಯಾವತ್ತೂ ಆಗಿಲ್ಲ. ಆಯಿತು ಎಂದೆ. ಗಿಡವನ್ನು ಅಲ್ಲೇ ಎಸೆದು ಮನೆಗೆ ಬಂದೆ. ದಾರಿಯಲ್ಲಿ ಕೋಪ ಇಳಿದು, ನನ್ನ ತಮ್ಮ ಕೊನೆಗೂ ಗಂಡಸಾದ ಎಂದು ಒಂಥರ ನೆಮ್ಮದಿಯೂ ಆಯಿತು. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಆ ಹತ್ತು ದಿನ ನಾನು ಲೆಮ್ಕೆಗೆ ಏನೂ ಹೇಳಲಿಲ್ಲ. ಈ ನಡುವೆ ನೋಲನ್ ಒಮ್ಮೆ ಬಂದು ಹೋದ. ಪೇಟೆಯ ಬೇಕರಿಯಿಂದ ನನಗಿಷ್ಟದ ಡೋನಟ್ ತಂದಿದ್ದ. ಡಿಸ್ಕ್ ಬೇಕಿತ್ತು ಎಂದ. ಮಣ್ಣು ಹೊರಳಿಸುವ ನನ್ನ ಹಳೆಯ ಡಿಸ್ಕ್ ಶೆಡ್ಡಿನಲ್ಲಿತ್ತು. ತಗೊಂಡು ಹೋಗು ಎಂದೆ. ಅವನ ಟ್ರಾಕ್ಟರಿಗೆ ಪಿನ್ನು ಸಿಕ್ಕಿಸಿಕೊಟ್ಟವಳೂ ನಾನೇ. ಗುಡ್ಡ ಬಿಟ್ಟು ಇವನಿಗೂ ಬೇಸಾಯದ ಮನಸ್ಸು ಬಂತೇನೋ ಎಂದು ಖುಷಿಪಟ್ಟೆ.

ಊಟದ ಸಂಜೆ ನಾನು ಒಳ್ಳೆಯ ಅಂಗಿ ಹಾಕಿಕೊಂಡು ಹೋದೆ. ಸಭಾಂಗಣದಲ್ಲಿ ಉದ್ದ ಮೇಜುಗಳು, ತಟ್ಟೆಗಳಲ್ಲಿ ಬೇಯಿಸಿದ ಆಲೂಗಡ್ಡೆ, ನಮ್ಮ ಮುದುಕಿಯರು ತಟ್ಟಿದ ಲೆಫ್ಸ ರೊಟ್ಟಿ, ನಡುವೆ ದೊಡ್ಡ ದೊಡ್ಡ ತಟ್ಟೆಗಳಲ್ಲಿ ಹುರಿದ ಎಲ್ಕ್ ಮಾಂಸ. ಹೋದ ವರ್ಷ ಹೊಡೆದು ಫ್ರೀಜರಿನಲ್ಲಿಟ್ಟಿದ್ದ, ನೋಲನ್‌ನ ಗುಡ್ಡದ ಎಲ್ಕ್. ನನ್ನ ದನದ ಮಾಂಸ ಬೇಡ ಎಂದ ಜನ ಅದನ್ನು ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದರು. ನನ್ನ ಎರಡೂ ಪಕ್ಕದ ಕುರ್ಚಿ ಖಾಲಿ ಉಳಿದವು. ವರ್ನಾಳ ಗಂಡ ಹಾರ್ವ್ ದೂರದಿಂದಲೇ ಕೈ ಬೀಸಿದ. ನನಗೆ ಬೇಜಾರಾಗಲಿಲ್ಲ. ಇನ್ನು ಸ್ವಲ್ಪ ಹೊತ್ತು ತಾನೇ ಎಂದುಕೊಂಡೆ.

ನೋಲನ್‌ನ ಗಿರಾಕಿಗಳ ಮೇಜಿನಲ್ಲಿ ಮಿನಿಯಾಪೊಲಿಸ್‌ನಿಂದ ಬಂದ ದಪ್ಪ ಮನುಷ್ಯನೊಬ್ಬ ಗಟ್ಟಿಯಾಗಿ ಕೇಳಿದ: "ನೋಲನ್, ಇಲ್ಲಿ ಏನೋ ರೋಗ ಇದೆಯಂತಲ್ಲ? ನಮ್ಮ ಎಲ್ಕ್‌ಗೆ ಏನೂ ಇಲ್ಲ ತಾನೆ?"

ಎಲ್ಲರೂ ಆ ಕಡೆ ತಿರುಗಿದರು. ನೋಲನ್ ಎದ್ದು ನಿಂತ. ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ, ಹೇಳು ಮಗಾ ಎನ್ನುವ ಹಾಗೆ.

"ನಮ್ಮ ಗುಡ್ಡದ ಎಲ್ಕ್ ಅಪ್ಪಟ ಚೊಕ್ಕ. ಕಾಯಿಲೆ ಬಂದಿರೋದು ದನಕ್ಕೆ. ನಮ್ಮಕ್ಕ ಪಾಪ, ಐಡಹೋದಲ್ಲಿ ಅಗ್ಗಕ್ಕೆ ಸಿಕ್ತು ಅಂತ ಕಡಸು ತಂದ್ಲು. ಅಗ್ಗದ್ದು ಅಂದ್ರೆ ಅವಳ ಕೈ ನಿಲ್ಲಲ್ಲ, ಅಪ್ಪನೂ ಬೈತಿದ್ದ." ಕೆಲವರು ನಕ್ಕರು. "ಏನ್ಮಾಡೋದು, ಅಕ್ಕ ಅಲ್ವಾ. ನಾವು ಮನೆಯೋರು ಅವಳ ಜೊತೆಗಿದೀವಿ."

ಜನ ಚಪ್ಪಾಳೆ ತಟ್ಟಿದರು. ಒಳ್ಳೆಯ ತಮ್ಮ ಎಂದು.

ನಾನು ಎದ್ದೆ. ಧ್ವನಿ ನಡುಗುತ್ತಿತ್ತು, ಅದೇ ದೊಡ್ಡ ತಪ್ಪಾಯಿತು. "ಚಳಿಗಾಲವೆಲ್ಲ ಎಲ್ಕ್‌ಗೆ ಹುಲ್ಲು ಹಾಕಿದ್ದು ಇವನು. ನನ್ನ ಬೇಲಿ ಪಕ್ಕದಲ್ಲೇ. ನನ್ನ ಹುಲ್ಲು. ನನ್ನ ಮುಂದೆ ಒಪ್ಕೊಂಡಿದಾನೆ. ಹೇಳೋ ನೋಲನ್!"

ನೋಲನ್ ತಲೆ ತಗ್ಗಿಸಿ, ತುಂಬ ನೊಂದವನ ಹಾಗೆ ಹೇಳಿದ: "ಅಕ್ಕಂಗೆ ಈ ತಿಂಗಳು ನಿದ್ದೆನೇ ಇಲ್ಲ. ಯಾರೂ ಬೇಜಾರು ಮಾಡ್ಕೋಬೇಡಿ."

ವರ್ನಾ ಬಂದು ನನ್ನ ಮೊಣಕೈ ಹಿಡಿದಳು. ಕಾಯಿಲೆಯವರನ್ನು ಹಿಡಿಯುವ ಹಾಗೆ. ಆ ಸಭಾಂಗಣದಲ್ಲಿ ನನ್ನನ್ನು ನಂಬಲು ಅರ್ಧ ಮನಸ್ಸು ಮಾಡಿದವರು ಲೆಮ್ಕೆ ಒಬ್ಬರೇ. ಬಾಗಿಲ ಹತ್ತಿರ ಟೋಪಿ ಹಿಡಿದು ನಿಂತು, "ಬೆಳಗ್ಗೆ ತೋರಿಸಿ" ಎಂದರು.

ಬೆಳಗ್ಗೆ ತೋರಿಸಲು ಏನಿತ್ತು? ನನ್ನ ಮೇಲಿನ ಹುಲ್ಲುಗಾವಲಿನಿಂದ ಹತ್ತಿ ಬೇಲಿಯ ಬಳಿ ನಿಂತೆವು. ತಗ್ಗಿನ ತಳವೆಲ್ಲ ಉತ್ತು ಹಾಕಿತ್ತು. ಪೊದೆ, ಪಟ್ಟೆ, ಹಿಕ್ಕೆ ಎಲ್ಲವೂ ಮಣ್ಣಿನಡಿ. ತಂತಿಯನ್ನೂ ಬದಲಿಸಿದ್ದ, ಹೊಸ ತಂತಿ ಫಳಫಳ ಹೊಳೆಯುತ್ತಿತ್ತು. ಉತ್ತ ಮಣ್ಣಿನಲ್ಲಿ ಪ್ರತಿ ಸುತ್ತಿಗೂ ಒಂದು ಕಡೆ ಏಳದ ದಿಂಡು ಉಳಿದಿತ್ತು. ನನ್ನ ಡಿಸ್ಕಿನಲ್ಲಿ ಒಂದು ತಟ್ಟೆ ಮುರಿದಿದೆ. ಎರಡು ವರ್ಷದಿಂದ ಹಾಕಿಸಬೇಕು ಹಾಕಿಸಬೇಕು ಎಂದುಕೊಂಡು ಬಿಟ್ಟಿದ್ದೆ.

"ಇದು ನನ್ನ ಡಿಸ್ಕ್" ಎಂದೆ. "ನಾನೇ ಪಿನ್ನು ಹಾಕಿಕೊಟ್ಟೆ."

ಲೆಮ್ಕೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ನಿಮ್ಮನ್ನ ನಂಬ್ತೀನಿ, ಆರ್ಡಿಸ್ ಅವ್ರೇ. ಆದ್ರೆ ಒಬ್ಬ ತನ್ನ ಭೂಮಿ ತಾನು ಉತ್ತಿದಾನೆ ಅಂತ ಮಾತ್ರ ನಾನು ಬರೆಯೋಕಾಗೋದು. ಹತ್ತು ದಿನದ ಹಿಂದೆ ಹೇಳಿದ್ರೆ..." ಮುಂದೆ ಹೇಳಲಿಲ್ಲ. ಒಳ್ಳೆಯ ಮನುಷ್ಯ, ಮುಂದೆ ಹೇಳಲಿಲ್ಲ. ಎರಡೂ ಗುಂಪು ಒಂದೇ ಎಂದು ಬರೆದುಕೊಂಡು ಹೋದರು.

ಹುಲ್ಲಿಲ್ಲದೆ ಅಷ್ಟೊಂದು ಬಾಯಿಗಳನ್ನು ವಸಂತದವರೆಗೆ ಉಳಿಸುವ ಹಾಗಿರಲಿಲ್ಲ. ದಿಗ್ಬಂಧನದ ದನ ಹೋಗಲು ಒಂದೇ ಜಾಗಕ್ಕೆ ಪರವಾನಗಿ, ಅದು ಕಸಾಯಿಖಾನೆ. ನವೆಂಬರ್ ನಡುವೆ ಲಾರಿಗಳು ಬಂದವು. ಮೇಲಿನ ಗುಂಪು ಹೋಯಿತು, ಕಡಸುಗಳು ಹೋದವು, ಆಮೇಲೆ ಕೆಳಗಿನ ಗುಂಪು. ಆರೋಗ್ಯದ, ಕೊಬ್ಬಿದ, ಹೊಟ್ಟೆಯಲ್ಲಿ ಕರು ಹೊತ್ತ ಕೆಂಪು ಹಸುಗಳು. ನಾನು ಕರೆದರೆ ಬರುವ ರೂಢಿ ಅವಕ್ಕೆ. ಲಾರಿಯ ಹಲಗೆಯ ಮೇಲೆ ನಿಂತು ನಾನು ಕರೆದೆ, ಬಂದವು. ಬೈದು ಹೊಡೆದು ಹತ್ತಿಸುವಂತಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಲೋಡು ಮಾಡುವಾಗ ನೆರೆಯವರು ಬಂದು ಕೈಜೋಡಿಸುವುದು ನಮ್ಮಲ್ಲಿ ಪದ್ಧತಿ. ಆ ದಿನ ಬಂದವನು ಒಬ್ಬನೇ, ನೋಲನ್. ಕುದುರೆ ಮೇಲೆ ಬಂದು, ಏನೂ ಆಗಿಲ್ಲವೆಂಬಂತೆ ಗೇಟಿನ ಬಳಿ ನಿಂತು ತೆರೆದ, ಮುಚ್ಚಿದ. ಅವನನ್ನು ಓಡಿಸಲು ನನ್ನಲ್ಲಿ ಶಕ್ತಿ ಇರಲಿಲ್ಲ. ಕೊನೆಯ ಲಾರಿ ತಿರುವು ದಾಟಿದ ಮೇಲೆ ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟ.

"ಅಕ್ಕ, ಮನಸ್ಸಿಗೆ ತಗೋಬೇಡ. ಎಲ್ಲಾ ಸರಿಹೋಗುತ್ತೆ."

ನಾನು ಲಾರಿ ಹೋದ ತಿರುವನ್ನೇ ನೋಡುತ್ತಿದ್ದೆ.

"ಒಂದು ವಿಷಯ. ಕೆಳಗಿನ ಹುಲ್ಲುಗಾವಲು ಹೇಗೂ ಖಾಲಿ ಬಿದ್ದಿರುತ್ತೆ. ಹಿಮ ಬಿದ್ರೆ ಎಲ್ಕ್ ಇಳಿದು ಅಲ್ಲಿಗೇ ಬರುತ್ತೆ, ದನ ಇಲ್ವಲ್ಲ. ಬೇಟೆ ಮುಗಿಯೋಕೆ ಇನ್ನೂ ಒಂದು ವಾರ ಇದೆ. ನನ್ನ ಗಿರಾಕಿಗಳಿಗೆ ಬಿಟ್ಕೊಡ್ತೀಯಾ? ಪುಕ್ಕಟೆ ಅಲ್ಲ, ಬೇಕಾದ್ರೆ ಏನಾದ್ರೂ ಕೊಡೋಣ."

ನನ್ನ ಮುಖ ನೋಡಿ ಅವನೇ ಕೈ ತೆಗೆದ. ಅವನಿಗೆ ನಾಚಿಕೆಯಾಗಲಿಲ್ಲ ಎಂಬುದೇ ನನಗೆ ಹೆಚ್ಚು ಚುಚ್ಚಿತು. ಅವನು ನಿಜವಾಗಿಯೂ ನನಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ.

"ಯೋಚಿಸ್ತೀನಿ" ಎಂದೆ. ಆ ಮಧ್ಯಾಹ್ನವೇ ಪೇಟೆಗೆ ಹೋಗಿ, ಟೆಂಟ್ ಕ್ರೀಕ್‌ನ ಕೆಳಗಿನ ಹುಲ್ಲುಗಾವಲು ಬೇಟೆಯ ಕೊನೆಯ ದಿನದವರೆಗೆ ಯಾರು ಬೇಕಾದರೂ ಬರಬಹುದು, ಪುಕ್ಕಟೆ, ಎಂದು ಬರೆಸಿ ಅಂಚೆ ಕಚೇರಿಯ ಬಾಗಿಲಿಗೆ ಅಂಟಿಸಿದೆ. ಲೆಮ್ಕೆಯ ಚೀಟಿಯ ಮೇಲೇ ಅಂಟಿಸಬೇಕಾಯಿತು, ಬೇರೆ ಜಾಗ ಇರಲಿಲ್ಲ.

ಎರಡು ದಿನಕ್ಕೆ ಹಿಮ ಬಿತ್ತು. ಎಲ್ಕ್ ನೋಲನ್ ಹೇಳಿದ ಹಾಗೆಯೇ ಇಳಿದು ಬಂದವು, ನನ್ನ ಹಸುಗಳು ಮಲಗುತ್ತಿದ್ದ ಜಾಗದಲ್ಲೇ ನಿಂತವು. ಬೆಳಕು ಹರಿಯುವ ಮೊದಲೇ ನನ್ನ ಗೇಟಿನ ಮುಂದೆ ಗಾಡಿಗಳ ಸಾಲು. ಊರಿಗೆ ಊರೇ ಬಂದಿತ್ತು. ನನ್ನ ಮಾಂಸ ಬೇಡವೆಂದವರು, ಫ್ರೀಜರ್ ಕೆಟ್ಟವರು, ಹೃದಯದ ಕಾಯಿಲೆಯವರು. ಒಬ್ಬೊಬ್ಬರೂ ಕಿಟಕಿ ಇಳಿಸಿ, ಎಷ್ಟು ಒಳ್ಳೆಯವಳು ನೀನು ಆರ್ಡಿಸ್ ಎಂದರು. ಗುಂಡುಗಳು ಸಿಡಿದವು. ನೋಲನ್ ತನ್ನ ದಪ್ಪ ಗಿರಾಕಿಯ ಜೊತೆ ಮೇಲಿನ ಬೇಲಿಯಾಚೆ ನಿಂತು ನೋಡುತ್ತಿದ್ದ. ಚಳಿಗಾಲವೆಲ್ಲ ಸಾಕಿದ್ದು ಒಂದು ಬೆಳಗ್ಗೆಯಲ್ಲಿ ಕರಗಿಹೋಯಿತು, ಉಳಿದವು ಗುಡ್ಡದಾಚೆ, ಬೇಟೆಯಾಡುವಂತಿಲ್ಲದ ರಾಷ್ಟ್ರೀಯ ಪಾರ್ಕಿನ ಕಡೆ ಓಡಿದವು. ಅವನ ಹೊಟ್ಟೆ ಉರಿಯಲಿ ಎಂದೇ ನಾನು ಗೇಟು ತೆರೆದದ್ದು. ಉರಿದಿರಬೇಕು. ನನಗೆ ಮಾತ್ರ ತಂಪಾಗಲಿಲ್ಲ.

ನಾನು ಸುಮ್ಮನೆ ಕೂರಲಾರದೆ ಕರು ಹಾಕಿಸುವಾಗ ಬಳಸುವ ಗ್ಲೌಸಿನ ಡಬ್ಬಿ ಹಿಡಿದು ಹಿಮದಲ್ಲಿ ನಡೆದೆ. ಹಾರ್ವ್ ಒಂದು ಹೆಣ್ಣು ಎಲ್ಕ್ ಬೀಳಿಸಿ, ಮಂಡಿಯೂರಿ ಹೊಟ್ಟೆ ಸೀಳುತ್ತಿದ್ದ. ಎರಡೂ ತೋಳು ಮೊಣಕೈವರೆಗೆ ರಕ್ತ. ಬೆರಳಿಗೆ ಚಾಕು ತಾಗಿ ಗಾಯವೂ ಆಗಿತ್ತು. ವರ್ನಾ ಪಕ್ಕದಲ್ಲಿ ಬಟ್ಟಲು ಹಿಡಿದು ನಿಂತಿದ್ದಳು.

"ಹಾರ್ವ್, ಇದನ್ನ ಹಾಕ್ಕೊ. ಬರಿಗೈಲಿ ಮುಟ್ಟಬೇಡ."

ಹಾರ್ವ್ ತಲೆಯೆತ್ತಿ ಹೆಂಡತಿಯ ಕಡೆ ನೋಡಿ ನಕ್ಕ.

"ಅಯ್ಯೋ ಬಿಡು ಆರ್ಡಿಸ್. ಇದೇನು ನಿನ್ನ ದನಾನಾ? ಎಲ್ಕ್ ಇದು, ಚೊಕ್ಕ ಪ್ರಾಣಿ."

ಅವನು ಇನ್ನೂ ಆವಿಯಾಡುತ್ತಿದ್ದ ಪಿತ್ತಜನಕಾಂಗವನ್ನು ಬರಿಗೈಯಲ್ಲಿ ಎತ್ತಿ ವರ್ನಾಳ ಬಟ್ಟಲಿಗೆ ಹಾಕಿದ. ವರ್ನಾ ಅದರಲ್ಲೊಂದು ತುಂಡು ನನಗೂ ಕೊಯ್ದು ಕೊಡಲೇ ಎಂದು ಕೇಳಿದಳು, ಪಾಪ, ಮನೆಯಲ್ಲಿ ಮಾಂಸ ಇರಲಿಕ್ಕಿಲ್ಲ ಎಂದು.